ಟೈಂಕೀಪರ್ ಇದ್ದಾನೆ, ಜಾಬರ್ ಎಲ್ಲಿ?

ಕಳೆದ ವಾರ ನಮ್ಮ ಪತ್ರಿಕೆಯ ಕಚೇರಿಗೆ ನೂಲಿನ ಗಿರಣಿಯ ಕೆಲಸಗಾರರೊಬ್ಬರು ಬಂದಿದ್ದರು. ರಾತ್ರಿ ಪಾಳಿ ಮುಗಿಸಿ ನೆಟ್ಟಗೆ ಬಂದವರು. ಹುಬ್ಬಿನ ಮೇಲೆ ಇನ್ನೂ ಹತ್ತಿಯ ಧೂಳಿತ್ತು. ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ, ಅದರೊಳಗೆ ಮಗನ ಅಂಕಪಟ್ಟಿ ಮತ್ತು ಸರ್ಟಿಫಿಕೇಟು. ಹುಡುಗ ಸರ್ಕಾರಿ ಪ್ರೌಢಶಾಲೆಯಲ್ಲಿ ಒಂಬತ್ತನೆಯ ಹಾಗೂ ಹತ್ತನೆಯ ತರಗತಿಗಳಲ್ಲಿ ಆಟೊಮೊಬೈಲ್ ಎಂಬ ವೃತ್ತಿ ವಿಷಯವನ್ನು ತೆಗೆದುಕೊಂಡು ಒಳ್ಳೆಯ ಅಂಕ ಪಡೆದು ಪಾಸಾಗಿದ್ದಾನೆ. ಪರೀಕ್ಷೆ ಮುಗಿದ ಮೇಲೆ, ರಜೆಯಲ್ಲಿ ಸುಮ್ಮನೆ ಕೂರುವುದು ಬೇಡವೆಂದು ತಂದೆ ಅವನನ್ನು ಬೈಕ್ ರಿಪೇರಿ ಗ್ಯಾರೇಜಿಗೆ ಕರೆದುಕೊಂಡು ಹೋದರು. ಗ್ಯಾರೇಜಿನ ಮೇಸ್ತ್ರಿ ಸರ್ಟಿಫಿಕೇಟಿನ ಕಡೆ ತಿರುಗಿಯೂ ನೋಡಲಿಲ್ಲ. ಒಂದು ಗಾಡಿ ತೋರಿಸಿ, "ಪ್ಲಗ್ ಬಿಚ್ಚಿ ಗ್ಯಾಪ್ ನೋಡಪ್ಪ" ಎಂದ. ಸ್ಪಾರ್ಕ್ ಪ್ಲಗ್ ಎಂದರೇನು ಎಂಬುದನ್ನು ಹುಡುಗ ತಪ್ಪಿಲ್ಲದೆ ಹೇಳಿದ. ಕಾಗದ ಕೊಟ್ಟಿದ್ದರೆ ಚಿತ್ರ ಬರೆದು ಭಾಗಗಳನ್ನೂ ಗುರುತಿಸುತ್ತಿದ್ದ. ಆದರೆ ಯಾವ ಪಾನಾ ಹಾಕಬೇಕು, ಯಾವ ಕಡೆಗೆ ತಿರುಗಿಸಬೇಕು ಎಂಬುದು ಅವನ ಕೈಗೆ ಗೊತ್ತಿರಲಿಲ್ಲ.

"ಮೇಷ್ಟ್ರೇ, ನೀವು ಕಲಿಸಿದವರು, ನೀವೇ ಹೇಳ್ರಿ. ಎರಡು ವರ್ಷ ಇವನಿಗೆ ಕೆಲಸ ಕಲಿಸ್ಯಾರೋ ಇಲ್ಲೋ ಅಂತ ಬಂದು ನೋಡೋರು ಯಾರೂ ಇಲ್ಲೇನು?" ಎಂದು ಅವರು ಕೇಳಿದರು.

ಈ ವಾರ ನಾವು ಬೇರೆ ವಿಷಯ ಬರೆಯಬೇಕೆಂದಿದ್ದೆವು. ಅದನ್ನು ಬದಿಗಿಟ್ಟು ಈ ಪ್ರಶ್ನೆಯನ್ನೇ ಎತ್ತಿಕೊಂಡಿದ್ದೇವೆ. ಏಕೆಂದರೆ ಇದು ಒಬ್ಬ ತಂದೆಯ ಪ್ರಶ್ನೆಯಲ್ಲ. ವೃತ್ತಿ ವಿಷಯ ಇರುವ ಸರ್ಕಾರಿ ಪ್ರೌಢಶಾಲೆಗೆ ಹೋಗುವವರು ನಮ್ಮ ಓದುಗರ ಮಕ್ಕಳು. ಗಿರಣಿಯವರ, ಹಮಾಲರ, ಬೀದಿ ಬದಿಯ ಅಂಗಡಿಯವರ ಮಕ್ಕಳು. ಸಕ್ಕರೆ ಕಾರ್ಖಾನೆಯ ಮಾಲೀಕರ ಮಗ ಅಲ್ಲಿ ಪಾನಾ ಹಿಡಿಯಲು ಬರುವುದಿಲ್ಲ.

ಮೊದಲೇ ಒಂದು ಮಾತು ಸ್ಪಷ್ಟಪಡಿಸುತ್ತೇವೆ. ತಪ್ಪು ಆ ಹುಡುಗನದಲ್ಲ. ಕಲಿಸಿದವರದು ಎಂದು ಬೆರಳು ತೋರಿಸಲೂ ನಾವು ತಯಾರಿಲ್ಲ. ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟು ಎಂಬ ಉದ್ದನೆಯ ಹೆಸರಿನಲ್ಲಿ 2013ರಲ್ಲಿ ಕೇಂದ್ರ ಸರ್ಕಾರ ಒಂದು ಏರ್ಪಾಡನ್ನು ಪ್ರಕಟಿಸಿತು. ಅದರಂತೆ ನಮ್ಮ ರಾಜ್ಯದ ಆಯ್ದ ಪ್ರೌಢಶಾಲೆಗಳಲ್ಲಿ ಮಾಹಿತಿ ತಂತ್ರಜ್ಞಾನ, ಚಿಲ್ಲರೆ ವ್ಯಾಪಾರ, ಆಟೊಮೊಬೈಲ್, ಸೌಂದರ್ಯ ಆರೈಕೆ, ಸಿದ್ಧ ಉಡುಪು ಮೊದಲಾದ ವಿಷಯಗಳು ಬಂದವು. ತೃತೀಯ ಭಾಷೆಯ ಜಾಗದಲ್ಲಿ ಮಕ್ಕಳು ಇವುಗಳಲ್ಲೊಂದನ್ನು ತೆಗೆದುಕೊಳ್ಳಬಹುದು. (ಹುಡುಗಿಯರಿಗೆ ಸೌಂದರ್ಯ, ಹುಡುಗರಿಗೆ ಮೋಟಾರು ಎಂದು ಯಾವ ಶಾಸ್ತ್ರ ನೋಡಿ ಹಂಚುತ್ತಾರೋ ನಮಗೆ ತಿಳಿಯದು.) ಇವನ್ನು ಕಲಿಸಲು ಬಂದವರು ಬಹುಪಾಲು ಇಲಾಖೆಯ ಕಾಯಂ ನೌಕರರಲ್ಲ, ಖಾಸಗಿ ತರಬೇತಿ ಸಂಸ್ಥೆಗಳ ಮೂಲಕ ಗುತ್ತಿಗೆಯ ಮೇಲೆ ಬಂದ ಹುಡುಗರು, ಹೆಣ್ಣುಮಕ್ಕಳು. ಶಾಲೆಯಲ್ಲಿ ಅವರು ಎಲ್ಲರಿಗೂ ಮೇಷ್ಟರೇ, ಸಂಬಳದ ದಿನ ಮಾತ್ರ ಯಾರಿಗೂ ಬೇಡವಾದವರು. ಹೀಗೆ ನಿಂತವರ ತಲೆಯ ಮೇಲೆ ಎಲ್ಲ ಹೊರೆ ಹೊರಿಸುವುದು ನ್ಯಾಯವಲ್ಲ.

ಹಾಗಾದರೆ ದೋಷ ಎಲ್ಲಿದೆ? ಗಿರಣಿಯ ಉದಾಹರಣೆಯನ್ನೇ ನೋಡೋಣ. ನಮ್ಮ ಓದುಗರಿಗೆ ಇದು ನಮಗಿಂತ ಚೆನ್ನಾಗಿ ಗೊತ್ತು.

ರಿಂಗ್ ಫ್ರೇಮಿಗೆ ಹೊಸಬನೊಬ್ಬ ಬರುತ್ತಾನೆ. ಅವನು ಮೊದಲು ಕಲಿಯಬೇಕಾದದ್ದು ಕಡಿದ ಎಳೆಯನ್ನು ಕೂಡಿಸುವುದು. ತಿರುಗುವ ಸ್ಪಿಂಡಲನ್ನು ತಡೆದು ನಿಲ್ಲಿಸಬೇಕು, ಬಾಬಿನ್ ಎತ್ತಿ ಎಳೆಯ ತುದಿ ಹುಡುಕಬೇಕು, ಅದನ್ನು ಟ್ರಾವೆಲರಿನ ಕೆಳಗೆ ಸಿಕ್ಕಿಸಿ, ಮೇಲಿನ ಕೊಂಡಿಯ ಮೂಲಕ ತಂದು, ಮುಂದಿನ ರೋಲರಿನಿಂದ ಇಳಿಯುವ ಹತ್ತಿಗೆ ತಾಗಿಸಬೇಕು. ಬಾಯಲ್ಲಿ ಹೇಳಲು ಅರ್ಧ ನಿಮಿಷ. ಕೈಗೆ ಹತ್ತಲು ವಾರಗಳು. ಅವನ ಪಕ್ಕದಲ್ಲಿ ಜಾಬರ್ ನಿಂತಿರುತ್ತಾನೆ. ಹೊಸಬನ ಹೆಬ್ಬೆರಳು ಎಲ್ಲಿದೆ, ಎಳೆಯನ್ನು ಉದ್ದ ಬಿಟ್ಟನೋ ಗಿಡ್ಡ ಬಿಟ್ಟನೋ, ಗಂಟು ದಪ್ಪವಾಯಿತೋ ಎಂಬುದರ ಮೇಲೆ ಅವನ ಕಣ್ಣು. ತಪ್ಪಿದರೆ ಬೈಯುತ್ತಾನೆ, ಆಮೇಲೆ ತಾನೇ ಮಾಡಿ ತೋರಿಸುತ್ತಾನೆ. ಜಾಬರನನ್ನು ನಾವು ಹೊಗಳುತ್ತಿಲ್ಲ. ಕೆಲಸ ಕೊಡಿಸಲು ಕಾಣಿಕೆ ಕೇಳಿದ ಜಾಬರುಗಳ ಕಥೆಯನ್ನು ಹಳೆಯ ಕೆಲಸಗಾರರು ಇವತ್ತಿಗೂ ಹೇಳುತ್ತಾರೆ. ಆದರೆ ಅವನಿಗೆ ಕೆಲಸ ಗೊತ್ತಿತ್ತು, ಅವನ ಕಣ್ಣು ಕಲಿಯುವವನ ಕೈಯ ಮೇಲಿತ್ತು ಎಂಬುದನ್ನು ಯಾರೂ ಅಲ್ಲಗಳೆಯಲಾರರು.

ಗಿರಣಿಯ ಬಾಗಿಲಲ್ಲಿ ಇನ್ನೊಬ್ಬನಿದ್ದಾನೆ, ಟೈಂಕೀಪರ್. ಯಾರು ಎಷ್ಟು ಹೊತ್ತಿಗೆ ಬಂದರು, ಎಷ್ಟು ಹೊತ್ತಿಗೆ ಹೋದರು ಎಂದು ಬರೆದುಕೊಳ್ಳುವುದು ಅವನ ಕೆಲಸ. ಅದೂ ಬೇಕಾದದ್ದೇ. ಆದರೆ ಟೈಂಕೀಪರ್ ಬರೆದ ಪುಸ್ತಕ ನೋಡಿ ನೂಲು ಸಮವಾಗಿದೆಯೇ ಎಂದು ಹೇಳುವ ಗಿರಣಿ ಈ ಲೋಕದಲ್ಲಿಲ್ಲ.

ನಮ್ಮ ವೃತ್ತಿ ಶಾಲೆಗಳಲ್ಲಿ ನಡೆಯುತ್ತಿರುವುದು ಅದೇ. ಟೈಂಕೀಪರುಗಳು ಬರುತ್ತಾರೆ, ಜಾಬರ್ ಬರುವುದಿಲ್ಲ.

ಶಾಲಾ ತಪಾಸಣೆ ಎಂದರೇನೆಂದು ನಾವೂ ಬಲ್ಲೆವು, ಬಳಪ ಹಿಡಿದು ಕೆಲವು ವರ್ಷ ಸವೆಸಿದವರು. ಸಾಹೇಬರು ಬರುವ ಸುದ್ದಿ ನಾಲ್ಕು ದಿನ ಮುಂಚೆ ಮುಟ್ಟುತ್ತದೆ. ಬಾಗಿಲಿಗೆ ಮಾವಿನ ತೋರಣ, ಗೋಡೆಗೆ ಹೊಸ ಚಾರ್ಟುಗಳು. ಮುಂದಿನ ಸಾಲಿನಲ್ಲಿ ಉತ್ತರ ಹೇಳಬಲ್ಲ ನಾಲ್ಕು ಮಕ್ಕಳು, ಹಿಂದಿನ ಸಾಲಿನವರಿಗೆ ಉಸಿರೆತ್ತಬಾರದೆಂಬ ಅಪ್ಪಣೆ. ಪಾಠ ಟಿಪ್ಪಣಿ ಬರೆದಿಲ್ಲದ ಮೇಷ್ಟರು ರಾತ್ರಿಯೆಲ್ಲ ಕೂತು ಮೂರು ತಿಂಗಳದ್ದನ್ನು ಒಟ್ಟಿಗೆ ಬರೆಯುತ್ತಾರೆ. ಸಾಹೇಬರು ಬಂದು ಹಾಜರಿ ಪುಸ್ತಕ, ನಗದು ಪುಸ್ತಕ, ಬಿಸಿಯೂಟದ ಲೆಕ್ಕ, ದಾಸ್ತಾನು ವಹಿ ನೋಡಿ, ಒಂದು ತರಗತಿಯಲ್ಲಿ ಹತ್ತು ನಿಮಿಷ ನಿಂತು, ಸಂದರ್ಶಕರ ಪುಸ್ತಕದಲ್ಲಿ "ಇನ್ನೂ ಸುಧಾರಣೆ ಅಗತ್ಯ" ಎಂದು ಬರೆದು ಹೋಗುತ್ತಾರೆ. ಯಾವುದು ಸುಧಾರಿಸಬೇಕು, ಹೇಗೆ ಸುಧಾರಿಸಬೇಕು ಎಂಬುದು ಆ ಪುಸ್ತಕದಲ್ಲಿ ಇರುವುದಿಲ್ಲ. ನಾವು ಕೆಲಸ ಮಾಡಿದ ಅಷ್ಟೂ ವರ್ಷಗಳಲ್ಲಿ ನಮ್ಮ ಪಾಠವನ್ನು ಮೊದಲಿಂದ ಕೊನೆಯತನಕ ಕೂತು ಕೇಳಿ, ಆಮೇಲೆ ಒಂದು ಕಡೆ ಕರೆದು "ಇಲ್ಲಿ ಹೀಗೆ ಮಾಡಿದ್ದರೆ ಮಕ್ಕಳಿಗೆ ಹತ್ತುತ್ತಿತ್ತು" ಎಂದು ಹೇಳಿದವರು ಒಬ್ಬರೇ ಒಬ್ಬರು. ಆ ಒಂದು ಗಂಟೆಯಿಂದ ನಾವು ಕಲಿತಷ್ಟನ್ನು ಉಳಿದ ಎಲ್ಲ ತಪಾಸಣೆಗಳೂ ಸೇರಿ ಕಲಿಸಲಿಲ್ಲ.

ತಪಾಸಣೆ ಎಂಬ ಹುದ್ದೆಯೇ ಕೆಟ್ಟದ್ದೆಂದಲ್ಲ. ಉತ್ತರ ಕರ್ನಾಟಕದ ಹಿರಿಯರು ದಿಪೋಟಿ ಚನ್ನಬಸಪ್ಪನವರನ್ನು ಇಂದಿಗೂ ನೆನೆಯುತ್ತಾರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ ಸೀಮೆಯಲ್ಲಿ ಡೆಪ್ಯೂಟಿ ಇನ್‌ಸ್ಪೆಕ್ಟರಾಗಿದ್ದ ಅವರು, ಮರಾಠಿ ತುಂಬಿದ್ದ ಶಾಲೆಗಳಲ್ಲಿ ಕನ್ನಡ ಕಲಿಕೆ ಬೇರೂರುವಂತೆ ದುಡಿದವರು. ಹುದ್ದೆಯ ಹೆಸರೇ ಜನರ ಬಾಯಲ್ಲಿ ಅವರ ಹೆಸರಾಗಿ ಉಳಿಯಿತು. ಹಾಜರಿ ಪುಸ್ತಕ ನೋಡಿದ್ದಕ್ಕೆ ಯಾರನ್ನೂ ಜನ ಹೀಗೆ ನೆನೆಯುವುದಿಲ್ಲ.

ಸರ್ಕಾರಕ್ಕೆ ಇದೆಲ್ಲ ತಿಳಿಯದೇ? ಚೆನ್ನಾಗಿ ತಿಳಿದಿದೆ. ಡಾ. ಎ. ಲಕ್ಷ್ಮಣಸ್ವಾಮಿ ಮುದಲಿಯಾರರ ಅಧ್ಯಕ್ಷತೆಯ ಮಾಧ್ಯಮಿಕ ಶಿಕ್ಷಣ ಆಯೋಗ 1953ರಷ್ಟು ಹಿಂದೆಯೇ ಇದನ್ನು ಬರೆದಿಟ್ಟಿದೆ. ಇನ್‌ಸ್ಪೆಕ್ಟರ್ ಎಂಬ ಹೆಸರೇ ಬೇಡ, ಅವನು ಶಿಕ್ಷಣ ಸಲಹೆಗಾರನಾಗಲಿ, ಒಂದೊಂದು ಶಾಲೆಯ ಕಷ್ಟವನ್ನೂ ಅರಿತು ನೆರವಾಗಲಿ ಎಂದಿತು. ಶಾಲೆಯ ಪಾಠಪ್ರವಚನವನ್ನು ಒಬ್ಬನೇ ಅಧಿಕಾರಿ ಓಡಿಬಂದು ನೋಡುವ ಬದಲು ನುರಿತವರ ಒಂದು ತಂಡ, ಮುಖ್ಯೋಪಾಧ್ಯಾಯರು ಮತ್ತು ಅನುಭವಿ ಶಿಕ್ಷಕರನ್ನೊಳಗೊಂಡು, ಶಾಲೆಯಲ್ಲಿ ಸಾಕಷ್ಟು ಹೊತ್ತು ಉಳಿದು ನೋಡಬೇಕೆಂದಿತು. ಅದಾದ ಮೇಲೆ 1964ರಿಂದ 1966ರವರೆಗೆ ಕೂತ ಕೊಠಾರಿ ಆಯೋಗ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಆಡಳಿತವೇ ಬೇರೆ, ಶೈಕ್ಷಣಿಕ ಮೇಲ್ವಿಚಾರಣೆಯೇ ಬೇರೆ, ಎರಡನ್ನೂ ಬಿಡಿಸಿರಿ ಎಂದಿತು. ವರ್ಗಾವಣೆ ಮಾಡುವ ಕೈಯೇ ಸಲಹೆ ಕೊಡಲು ಬಂದರೆ ಯಾವ ಮೇಷ್ಟರು ತನ್ನ ಕೊರತೆಯನ್ನು ಬಾಯಿಬಿಟ್ಟು ಹೇಳುತ್ತಾನೆ? ಗಿರಣಿಯಲ್ಲಿ ಮ್ಯಾನೇಜರ್ ಎದುರು ಹೊಸ ಕೆಲಸಗಾರ "ನನಗೆ ಇದು ಬರುವುದಿಲ್ಲ ಸ್ವಾಮಿ" ಎಂದು ಹೇಳುತ್ತಾನೆಯೇ? ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿಯೂ ಮಾರಿಸ್ ಕೋಗನ್ ಮತ್ತು ಅವರ ಜೊತೆಯವರು 1950ರ ದಶಕದ ಕೊನೆಯ ಹೊತ್ತಿಗೆ ಇಂಥದೇ ಒಂದು ಪದ್ಧತಿಯನ್ನು ರೂಪಿಸಿದರು. ಪಾಠಕ್ಕೆ ಮೊದಲು ಮೇಷ್ಟರ ಜೊತೆ ಮಾತು, ಆಮೇಲೆ ಪಾಠವನ್ನು ಕೂತು ನೋಡುವುದು, ಕಂಡದ್ದನ್ನು ಬರೆದು ವಿಚಾರ ಮಾಡುವುದು, ಮತ್ತೆ ಮೇಷ್ಟರ ಜೊತೆ ಮಾತು. ಒಳ್ಳೆಯ ಜಾಬರ್ ಯಾವ ಪುಸ್ತಕ ಓದದೆಯೂ ಮಾಡುತ್ತಿದ್ದದ್ದು ಇದನ್ನೇ.

ಎಪ್ಪತ್ತು ವರ್ಷಗಳ ಹಿಂದಿನ ಮಾತು. ಹೆಸರುಗಳು ಬದಲಾದವು: ಇನ್‌ಸ್ಪೆಕ್ಟರ್ ಹೋಗಿ ಕ್ಷೇತ್ರ ಶಿಕ್ಷಣಾಧಿಕಾರಿ ಬಂದರು, ವಿಷಯ ಪರಿವೀಕ್ಷಕರು ಬಂದರು, ಸಂಪನ್ಮೂಲ ವ್ಯಕ್ತಿಗಳು ಬಂದರು. ಇವರಲ್ಲಿ ಶ್ರಮಪಟ್ಟು ಕೆಲಸ ಮಾಡುವವರು ಇದ್ದಾರೆ, ಅವರಿಗೆ ಅವಮಾನ ಮಾಡುವುದು ನಮ್ಮ ಉದ್ದೇಶವಲ್ಲ. ಆದರೆ ಗಣಿತವನ್ನೋ ಕನ್ನಡವನ್ನೋ ಓದಿ ಬಂದ ಅಧಿಕಾರಿ ಆಟೊಮೊಬೈಲ್ ಕೊಠಡಿಯ ಬಾಗಿಲಲ್ಲಿ ನಿಂತು ಏನು ನೋಡಿಯಾರು? ಕಾರ್ಬುರೇಟರ್ ಮೇಜಿನ ಮೇಲಿದೆ ಎಂದು ನೋಡಿಯಾರು. ಅದನ್ನು ಒಬ್ಬ ಹುಡುಗನಾದರೂ ಒಮ್ಮೆಯಾದರೂ ಬಿಚ್ಚಿ ಕೂಡಿಸಿದ್ದಾನೆಯೇ ಎಂದು ಕೇಳಲು ಅವರಿಗೆ ತೋಚುವುದಿಲ್ಲ. ಈಗ ರಸ್ತೆಗಿಳಿಯುವ ಹೊಸ ಬೈಕುಗಳಲ್ಲಿ ಬಹುಪಾಲು ಕಾರ್ಬುರೇಟರೇ ಇಲ್ಲ, ಅದರ ಜಾಗದಲ್ಲಿ ಇಂಧನ ಚಿಮ್ಮಿಸುವ ಇಂಜೆಕ್ಟರ್ ಬಂದಿದೆ, ಬ್ಯಾಟರಿ ಗಾಡಿಗಳಿಗೆ ಎರಡೂ ಬೇಡ ಎಂಬುದು ಹೊಳೆಯುವುದಂತೂ ದೂರವೇ ಉಳಿಯಿತು.

ಕೆಲಸ ಬಲ್ಲವನು ನೋಡುವ ರೀತಿಯೇ ಬೇರೆ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇವೆ, ಏಕೆಂದರೆ ನಮ್ಮ ಓದುಗರಲ್ಲಿಯೇ ಇದನ್ನು ಮಾಡಬಲ್ಲವರು ನೂರಾರು ಮಂದಿ ಇದ್ದಾರೆ.

ತಾಂತ್ರಿಕ ಶಾಲೆಯಲ್ಲಿ ಮಕ್ಕಳಿಗೆ ಕಬ್ಬಿಣದ ಪಟ್ಟಿಯ ತುಂಡು ಕೊಟ್ಟು ಅರದಿಂದ ಉಜ್ಜಿ ಚೌಕ ಮಾಡಲು ಹೇಳುತ್ತಾರೆ. ಫಿಟ್ಟರ್ ಆದವನು ಆ ತುಂಡನ್ನು ಕೈಗೆ ತೆಗೆದುಕೊಂಡು ಮೂಲೆಮಟ್ಟ ಇಟ್ಟು ಕಿಟಕಿಯ ಬೆಳಕಿಗೆ ಹಿಡಿಯುತ್ತಾನೆ. ಮಟ್ಟಕ್ಕೂ ಕಬ್ಬಿಣಕ್ಕೂ ನಡುವೆ ಬೆಳಕು ತೂರಿದರೆ ಅಂಚು ನೇರವಿಲ್ಲ. ನಡುವೆ ಉಬ್ಬಿ ಎರಡು ತುದಿ ಇಳಿದಿದ್ದರೆ ಹುಡುಗ ಅರವನ್ನು ತೂಗಾಡಿಸುತ್ತ ಉಜ್ಜಿದ್ದಾನೆ. ವೈಸ್ ಅವನ ಮೊಣಕೈಯ ಮಟ್ಟಕ್ಕಿಲ್ಲ, ಇಲ್ಲವೆ ಕಾಲು ಸರಿಯಾಗಿ ಊರಿಲ್ಲ. ಇಷ್ಟನ್ನೂ ಅವನು ತುಂಡನ್ನು ನೋಡಿಯೇ ಹೇಳುತ್ತಾನೆ. ಎಲ್ಲ ಮಕ್ಕಳ ತುಂಡುಗಳಲ್ಲೂ ಅದೇ ತಪ್ಪಿದ್ದರೆ ದೋಷ ಮಕ್ಕಳದಲ್ಲ, ವೈಸಿನ ಎತ್ತರದ್ದೋ ಕಲಿಸುವ ಕ್ರಮದ್ದೋ ಎಂದು ತಿಳಿಯುತ್ತದೆ. ಹಾಗೆಯೇ ಎಲ್ಲ ತುಂಡುಗಳೂ ಒಂದೇ ಥರ ಅಂದವಾಗಿದ್ದರೆ ಅವನಿಗೆ ಇನ್ನೊಂದು ಅನುಮಾನ ಬರುತ್ತದೆ: ಇವನ್ನು ಪೇಟೆಯಲ್ಲಿ ಮಾಡಿಸಿ ತಂದಿದ್ದಾರೆ.

ಉಡುಪಿನ ವಿಭಾಗಕ್ಕೆ ಹೋದ ದರ್ಜಿ ಅಂಗಿಯ ಹೊರಮಗ್ಗಲು ನೋಡುವುದಿಲ್ಲ, ತಿರುವಿ ಒಳಮಗ್ಗಲು ನೋಡುತ್ತಾನೆ. ಇಂಚಿಗೆ ಹತ್ತು ಹನ್ನೆರಡು ಹೊಲಿಗೆ ಬಿದ್ದಿವೆಯೇ, ಕೆಳಗಿನ ದಾರ ಸಡಿಲಬಿದ್ದು ಕುಣಿಕೆ ಕಟ್ಟಿದೆಯೇ, ಮೂಲೆ ತಿರುಗಿಸುವಾಗ ಸೂಜಿಯನ್ನು ಬಟ್ಟೆಯೊಳಗೆ ನಿಲ್ಲಿಸಿದ್ದಾಳೆಯೇ ಎಂದು ಪರೀಕ್ಷಿಸುತ್ತಾನೆ. ಆಮೇಲೆ ಕೇಳುತ್ತಾನೆ: ಹೊಲಿಗೆ ಯಂತ್ರಗಳು ಎಷ್ಟು, ಓಡುವವು ಎಷ್ಟು, ಮಕ್ಕಳು ಎಷ್ಟು? ಒಂದು ಹುಡುಗಿಗೆ ವಾರಕ್ಕೆ ಎಷ್ಟು ನಿಮಿಷ ಯಂತ್ರ ಸಿಕ್ಕಿತು? ಈ ಕೊನೆಯ ಲೆಕ್ಕ ಯಾವ ದಾಸ್ತಾನು ವಹಿಯಲ್ಲೂ ಇರುವುದಿಲ್ಲ, ಆದರೆ ಆ ಹುಡುಗಿ ಹೊಲಿಗೆ ಕಲಿತಳೋ ಇಲ್ಲವೋ ಎಂಬುದನ್ನು ತೀರ್ಮಾನಿಸುವುದು ಅದೇ.

ಗ್ಯಾರೇಜಿನವನು ಫೀಲರ್ ಗೇಜು ಎಲ್ಲಿ ಎಂದು ಕೇಳುತ್ತಾನೆ. ಪ್ಲಗ್ಗಿನ ಸಂದು 0.6ರಿಂದ 0.8 ಮಿಲಿಮೀಟರ್ ಇರಬೇಕಾದಲ್ಲಿ ಕಣ್ಣಳತೆ ನಡೆಯುವುದಿಲ್ಲ. ಗೇಜಿನ ಪಟ್ಟಿಗಳಿಗೆ ಕಂಪನಿಯ ಎಣ್ಣೆ ಹಾಗೆಯೇ ಅಂಟಿಕೊಂಡಿದ್ದರೆ ಅದನ್ನು ಯಾರೂ ಬಳಸಿಲ್ಲವೆಂದೇ ಅರ್ಥ. ಪಾನಾಗಳು ಹೊಸದಾಗಿ ಫಳಫಳ ಹೊಳೆಯುವುದನ್ನು ಕಂಡು ಸಾಹೇಬರು ಸಂತೋಷಪಟ್ಟರೆ, ಮೇಸ್ತ್ರಿಗೆ ಅದನ್ನು ನೋಡಿ ಹೊಟ್ಟೆ ಉರಿಯುತ್ತದೆ.

ಇನ್ನು ಚಿಲ್ಲರೆ ವ್ಯಾಪಾರ. ಇದು ನಮ್ಮ ಅಂಗಡಿಯ ಬಂಧುಗಳ ಕ್ಷೇತ್ರ. ಈ ವಿಷಯ ಓದಿದ ಹುಡುಗಿಯನ್ನು ಗಲ್ಲೆಯ ಪಕ್ಕದಲ್ಲಿ ಅರ್ಧ ಗಂಟೆ ನಿಲ್ಲಿಸಿರಿ. ಹಳೆಯ ಮಾಲನ್ನು ಮುಂದಕ್ಕೆ, ಹೊಸ ಮಾಲನ್ನು ಹಿಂದಕ್ಕೆ ಜೋಡಿಸುತ್ತಾಳೆಯೇ? ಪೊಟ್ಟಣದ ಮೇಲಿನ ತಾರೀಖು ನೋಡುತ್ತಾಳೆಯೇ? ತಕ್ಕಡಿ ಸೊನ್ನೆಗೆ ನಿಂತಿದೆಯೇ ಎಂದು ನೋಡಿ ತೂಗುತ್ತಾಳೆಯೇ? ಗಿರಾಕಿ ಜಗಳಕ್ಕೆ ನಿಂತರೆ ಏನು ಮಾಡುತ್ತಾಳೆ? ಇವನ್ನು ಪರೀಕ್ಷಿಸಲು ನಿಮಗೆ ಯಾವ ಪದವಿಯೂ ಬೇಕಿಲ್ಲ. ಕಂಪ್ಯೂಟರ್ ಕಲಿತವನಿಗೆ ಗ್ರಾಮ ಪಂಚಾಯತಿಗೆ ಒಂದು ಅರ್ಜಿಯನ್ನು ಕನ್ನಡದಲ್ಲಿ ಬೆರಳಚ್ಚು ಮಾಡಿ ಮುದ್ರಿಸಿ ಕೊಡು ಎಂದರೆ ಸಾಕು, ಎರಡು ವರ್ಷದ ಬಂಡವಾಳ ಹೊರಬೀಳುತ್ತದೆ.

ಇಂಥ ನೋಟ ಇಲ್ಲದ್ದರಿಂದಲೇ ನಮ್ಮ ದೇಶದಲ್ಲಿ ವೃತ್ತಿ ಶಿಕ್ಷಣದ ಒಂದೊಂದು ಯೋಜನೆಯೂ ಹುಟ್ಟಿದ ಹಾಗೆಯೇ ಸೊರಗಿದೆ ಎಂದು ನಾವು ನಂಬುತ್ತೇವೆ. ಇದೊಂದೇ ಕಾರಣವೆಂದು ಹೇಳುವುದಿಲ್ಲ, ಹಣದ ಕೊರತೆಯೂ ಇತ್ತು, ಮೇಲ್ಜಾತಿಗಳ ಮನಸ್ಸಿನಲ್ಲಿ ಕೈಕೆಲಸದ ಬಗ್ಗೆ ಇರುವ ತಾತ್ಸಾರವೂ ಇತ್ತು. 1882ರ ಹಂಟರ್ ಆಯೋಗ ಹೈಸ್ಕೂಲನ್ನು ಎರಡು ಕವಲು ಮಾಡಿ, ಒಂದು ವಿಶ್ವವಿದ್ಯಾಲಯಕ್ಕೆ, ಇನ್ನೊಂದು ಕಸುಬು ವ್ಯಾಪಾರಗಳಿಗೆ ಎಂದಿತು. ಎರಡನೆಯ ಕವಲಿಗೆ ಮಕ್ಕಳೇ ಬರಲಿಲ್ಲ. ಮುದಲಿಯಾರ್ ಆಯೋಗ ಬಹೂದ್ದೇಶ ಪ್ರೌಢಶಾಲೆಗಳನ್ನು ತೆರೆಯಿರಿ ಎಂದದ್ದು 1953ರಲ್ಲಿ. ಆ ಶಾಲೆಗಳಿಗೆ ಕಸುಬು ಬಲ್ಲ ಶಿಕ್ಷಕರನ್ನು ತಯಾರಿಸಲು ಮೈಸೂರು, ಅಜ್ಮೀರ, ಭೋಪಾಲ, ಭುವನೇಶ್ವರಗಳಲ್ಲಿ ಪ್ರಾದೇಶಿಕ ಶಿಕ್ಷಣ ಕಾಲೇಜುಗಳು ಬಂದದ್ದು 1963ರಲ್ಲಿ. ಮೊದಲು ಮದುವೆಯ ಊಟ ಬಡಿಸಿ, ಹತ್ತು ವರ್ಷ ಬಿಟ್ಟು ಅಡುಗೆಯವರನ್ನು ಹುಡುಕಿದಂತಾಯಿತು. ಮೈಸೂರಿನ ಆ ಕಾಲೇಜು ಇಂದಿಗೂ ಮಾನಸಗಂಗೋತ್ರಿಯಲ್ಲಿ ಒಳ್ಳೆಯ ಹೆಸರಿನಿಂದ ನಡೆಯುತ್ತಿದೆ, ಆದರೆ ಅದು ಯಾವ ಬಗೆಯ ಶಾಲೆಗಳಿಗಾಗಿ ಹುಟ್ಟಿತೋ ಆ ಶಾಲೆಗಳು ಉಳಿಯಲಿಲ್ಲ.

ಆಮೇಲೆ ಪಿಯುಸಿ ಮಟ್ಟದಲ್ಲಿ ಜೆಒಸಿ ಎಂಬ ಉದ್ಯೋಗಾಧಾರಿತ ಕೋರ್ಸುಗಳು ಬಂದವು. 1986ರ ರಾಷ್ಟ್ರೀಯ ಶಿಕ್ಷಣ ನೀತಿ, ಹೈಯರ್ ಸೆಕೆಂಡರಿ ವಿದ್ಯಾರ್ಥಿಗಳಲ್ಲಿ ಶೇಕಡ 10ರಷ್ಟು ಮಂದಿ 1990ಕ್ಕೂ, ಶೇಕಡ 25ರಷ್ಟು ಮಂದಿ 1995ಕ್ಕೂ ವೃತ್ತಿ ಶಿಕ್ಷಣದಲ್ಲಿರಬೇಕೆಂದಿತು. 1992ರಲ್ಲಿ ಅದೇ ಅಂಕಿಗಳನ್ನಿಟ್ಟುಕೊಂಡು ಗಡುವನ್ನು ಮಾತ್ರ 1995ಕ್ಕೂ 2000ಕ್ಕೂ ತಳ್ಳಿದರು. ಜೆಒಸಿಯಲ್ಲಿ ಕಲಿಸಿದವರು ಅರೆಕಾಲಿಕರು. ಕೋರ್ಸುಗಳು ಮುಚ್ಚಿದ ಮೇಲೆ ಅವರು ಕೆಲಸದಲ್ಲಿ ವಿಲೀನ ಮಾಡಿಕೊಳ್ಳಿರೆಂದು ವರ್ಷಗಟ್ಟಲೆ ಸರ್ಕಾರದ ಬಾಗಿಲು ಬಡಿದದ್ದನ್ನು ನಮ್ಮ ಅನೇಕ ಓದುಗರು ಕಂಡಿದ್ದಾರೆ. 2020ರ ನೀತಿಯಂತೂ ಇನ್ನೂ ಜಾಣತನ ತೋರಿಸಿತು. 2025ರ ಹೊತ್ತಿಗೆ ಶೇಕಡ 50ರಷ್ಟು ಮಂದಿಗೆ ವೃತ್ತಿ ಶಿಕ್ಷಣದ ಪರಿಚಯ ಆಗಬೇಕು ಎಂದಿತು. ಗಮನಿಸಿರಿ, ಕಲಿಕೆಯಲ್ಲ, ಪರಿಚಯ! ಅದೇ ದಸ್ತಾವೇಜಿನಲ್ಲಿಯೇ, 19ರಿಂದ 24ರ ವಯಸ್ಸಿನ ನಮ್ಮ ದುಡಿಯುವ ಯುವಕರಲ್ಲಿ ಕ್ರಮಬದ್ಧ ವೃತ್ತಿ ಶಿಕ್ಷಣ ಪಡೆದವರು ಶೇಕಡ 5ಕ್ಕಿಂತ ಕಡಿಮೆ, ಜರ್ಮನಿಯಲ್ಲಿ ಶೇಕಡ 75, ದಕ್ಷಿಣ ಕೊರಿಯಾದಲ್ಲಿ ಶೇಕಡ 96 ಎಂದು ಹನ್ನೆರಡನೆಯ ಪಂಚವಾರ್ಷಿಕ ಯೋಜನೆಯ ಅಂದಾಜನ್ನು ಬರೆದುಕೊಂಡಿದ್ದಾರೆ. ಅಂಕಿ ಬರೆದವರು ಜರ್ಮನಿಯಲ್ಲಿ ಇದು ಹೇಗಾಯಿತೆಂದು ಬರೆಯುವ ಗೋಜಿಗೆ ಹೋಗಲಿಲ್ಲ.

ಅಲ್ಲಿ ಹುಡುಗ ವಾರದಲ್ಲಿ ಕೆಲವು ದಿನ ಕಾರ್ಖಾನೆಯಲ್ಲಿ, ಕೆಲವು ದಿನ ಶಾಲೆಯಲ್ಲಿ ಕಲಿಯುತ್ತಾನೆ. ಕೊನೆಯ ಪರೀಕ್ಷೆ ಮಾಡುವ ಮಂಡಲಿಯಲ್ಲಿ ಮಾಲೀಕರ ಕಡೆಯವರೂ ಕಾರ್ಮಿಕರ ಕಡೆಯವರೂ ಸಮಸಂಖ್ಯೆಯಲ್ಲಿ ಇರಬೇಕು, ಜೊತೆಗೆ ವೃತ್ತಿ ಶಾಲೆಯ ಶಿಕ್ಷಕ ಒಬ್ಬನಾದರೂ ಇರಬೇಕು. ಇದು ಅಲ್ಲಿನ ವೃತ್ತಿ ತರಬೇತಿ ಕಾನೂನು, 1969ರಲ್ಲಿ ಬಂದದ್ದು. ಜರ್ಮನಿ ಸಮಾಜವಾದದ ಸ್ವರ್ಗವೆಂದು ನಾವು ಹೇಳುವುದಿಲ್ಲ. ಬಂಡವಾಳಗಾರರ ದೇಶವೇ. ಆದರೂ ಕಮ್ಮಾರನ ಮಗನ ಕೆಲಸ ಸರಿಯೋ ತಪ್ಪೋ ಎಂದು ಹೇಳುವ ಮೇಜಿನ ಸುತ್ತ ಒಬ್ಬ ಕಮ್ಮಾರನಿಗೆ ಹಕ್ಕಿನ ಕುರ್ಚಿ ಇದೆ. ನಮ್ಮಲ್ಲಿ ಆ ಮೇಜಿನ ಹತ್ತಿರ ಕಾರ್ಮಿಕ ಬಂದರೆ ಚಹಾ ಲೋಟ ಎತ್ತಲು ಬಂದನೆಂದು ತಿಳಿಯುತ್ತಾರೆ.

ಇಲ್ಲಿ ನಮ್ಮ ಪಕ್ಷದ ಕೆಲವು ಗೆಳೆಯರ ಆಕ್ಷೇಪಣೆಗೆ ಉತ್ತರ ಹೇಳಬೇಕು. ಗಿರಣಿ ಕಾರ್ಮಿಕನ ಮಗನನ್ನು ಗಿರಣಿಗೇ ತಳ್ಳುವ ಹುನ್ನಾರ ಇದು, ವೃತ್ತಿ ಶಾಲೆಗಳನ್ನು ಸುಧಾರಿಸುವುದಲ್ಲ, ಮುಚ್ಚಿಸಬೇಕು ಎನ್ನುತ್ತಾರೆ ಅವರು. ಈ ಭಯಕ್ಕೆ ಆಧಾರವಿದೆ. 1953ರಲ್ಲಿ ಮದ್ರಾಸಿನಲ್ಲಿ ರಾಜಾಜಿಯವರು ಹಳ್ಳಿಯ ಮಕ್ಕಳಿಗೆ ದಿನದಲ್ಲೊಂದು ಭಾಗ ಶಾಲೆ, ಉಳಿದ ಹೊತ್ತು ಮನೆಯಲ್ಲಿ ತಂದೆಯ ಕಸುಬು ಎಂಬ ಯೋಜನೆ ತಂದರು. ಜಾತಿಯ ಕಸುಬನ್ನು ಜಾತಿಗೇ ಕಟ್ಟಿಹಾಕುವ ಯೋಜನೆ ಎಂದು ಜನ ಸಿಡಿದೆದ್ದರು. 1954ರಲ್ಲಿ ಕಾಮರಾಜರು ಅಧಿಕಾರಕ್ಕೆ ಬಂದು ಅದನ್ನು ಕೈಬಿಟ್ಟರು. ಜನ ಮಾಡಿದ್ದು ಸರಿಯಾಗಿಯೇ ಇತ್ತು. ಎಲ್ಲ ಮಕ್ಕಳಿಗೂ ಒಂದೇ ಮಟ್ಟದ ಶಾಲೆ ಬೇಕೆಂಬ ನಮ್ಮ ಹಳೆಯ ಬೇಡಿಕೆಯಿಂದ ನಾವು ಒಂದಂಗುಲವೂ ಹಿಂದೆ ಸರಿದಿಲ್ಲ. ಸಾಹುಕಾರನ ಮಗನೂ ಅರ ಹಿಡಿಯಲಿ, ಕೂಲಿಕಾರನ ಮಗಳೂ ಬೀಜಗಣಿತ ಕಲಿಯಲಿ.

ಆದರೆ ಆ ದಿನ ಬರುವ ತನಕ ಇವತ್ತು ಆ ಕೊಠಡಿಯಲ್ಲಿ ಕೂತಿರುವ ಮಕ್ಕಳನ್ನು ಏನು ಮಾಡುವುದು? ಕೆಟ್ಟ ವೃತ್ತಿ ಶಾಲೆ ಅವರಿಗೆ ಎರಡು ಕಡೆಯಿಂದ ಹೊಡೆತ ಕೊಡುತ್ತದೆ. ಕಸುಬು ಬರಲಿಲ್ಲ, ಕಸುಬಿಗೆಂದು ಕೊಟ್ಟ ಹೊತ್ತಿನಲ್ಲಿ ಕಲಿಯಬಹುದಾಗಿದ್ದ ಬೇರೆ ವಿದ್ಯೆಯೂ ಬರಲಿಲ್ಲ. ನಮ್ಮ ಕಚೇರಿಗೆ ಬಂದ ಆ ತಂದೆಯ ಮಗ ಈಗ ಐಟಿಐಗೆ ಸೇರಿದರೆ ಮೊದಲ ದಿನದಿಂದ ಎಲ್ಲವನ್ನೂ ಹೊಸದಾಗಿ ಕಲಿಯಬೇಕು. ಕಾಗದದಲ್ಲಿ ಮಾತ್ರ ಅವನಿಗೆ ಎರಡು ವರ್ಷದ ವಿದ್ಯೆ ಇದೆ.

ಆದ್ದರಿಂದ ನಮ್ಮ ಬೇಡಿಕೆ ಇದು. ಪ್ರತಿ ತಾಲ್ಲೂಕಿನಲ್ಲಿಯೂ ವೃತ್ತಿ ವಿಷಯಗಳಿಗೆ ಕೆಲಸ ಬಲ್ಲ ಮೇಲ್ವಿಚಾರಕರನ್ನು ನೇಮಿಸಬೇಕು. ಹಣವಿಲ್ಲವೆಂದರೆ, ನಿವೃತ್ತರಾದ ಐಟಿಐ ಬೋಧಕರಿದ್ದಾರೆ, ಸಾರಿಗೆ ಸಂಸ್ಥೆಯ ಡಿಪೋಗಳಲ್ಲಿ ಮೂವತ್ತು ವರ್ಷ ದುಡಿದು ಮನೆ ಸೇರಿದ ಮೆಕ್ಯಾನಿಕ್‌ಗಳಿದ್ದಾರೆ, ಹೊಲಿಗೆಯ ಮೇಸ್ತ್ರಿಗಳಿದ್ದಾರೆ. ದಿನಭತ್ಯೆ ಕೊಟ್ಟು ಅವರನ್ನು ಮುಖ್ಯೋಪಾಧ್ಯಾಯರ ಜೊತೆ ತಂಡವಾಗಿ ಕಳಿಸಿರಿ. ಅವರು ಶಾಲೆಯಲ್ಲಿ ಹತ್ತು ನಿಮಿಷವಲ್ಲ, ಇಡೀ ದಿನ ಇರಲಿ. ಪುಸ್ತಕಗಳನ್ನು ಕೊನೆಗೆ ನೋಡಲಿ, ಮೊದಲು ಮಕ್ಕಳ ಕೈಗೆ ಕೆಲಸ ಕೊಟ್ಟು ನೋಡಲಿ. ಕಂಡದ್ದನ್ನು ಕಲಿಸುವವರಿಗೇ ಮೊದಲು ಹೇಳಿ, ಬರೆದುಕೊಟ್ಟು, ಮೂರು ತಿಂಗಳೊಳಗೆ ಮತ್ತೆ ಬಂದು ಅದು ಸರಿಹೋಯಿತೇ ಎಂದು ನೋಡಲಿ. ಈ ಟಿಪ್ಪಣಿಯನ್ನು ಕಲಿಸುವವರ ಕೆಲಸ ಕಿತ್ತುಕೊಳ್ಳಲು ಬಳಸಬಾರದು. ಬಳಸಿದ ದಿನವೇ ಮತ್ತೆ ತೋರಣ, ಚಾರ್ಟು, ಮುಂದಿನ ಸಾಲಿನ ನಾಲ್ಕು ಮಕ್ಕಳು ಮರಳಿ ಬರುತ್ತಾರೆ. ಕಲಿಸುವವರನ್ನು ದಲ್ಲಾಳಿ ಸಂಸ್ಥೆಗಳ ಕೈಯಿಂದ ಬಿಡಿಸಿ ಇಲಾಖೆಯೇ ನೇರವಾಗಿ ನೇಮಿಸಿಕೊಳ್ಳಬೇಕು. ಮುಂದಿನ ವರ್ಷ ಇರುತ್ತೇನೋ ಇಲ್ಲವೋ ಎಂದು ತಿಳಿಯದವನಿಗೆ ಈ ವರ್ಷದ ಸಲಹೆಯಿಂದ ಏನು ಪ್ರಯೋಜನ? ಕಬ್ಬಿಣ, ಬಟ್ಟೆ, ಎಣ್ಣೆ, ದಾರಗಳ ಖರ್ಚಿಗೆ ಜೂನ್ ತಿಂಗಳಲ್ಲಿಯೇ ಹಣ ಶಾಲೆಗೆ ಮುಟ್ಟಬೇಕು. ವರ್ಷದ ಕೊನೆಗೆ ಬಂದ ಹಣ ಬಿಲ್ಲಿಗೆ ಬರುತ್ತದೆಯೇ ಹೊರತು ಮಕ್ಕಳ ಕೈಗೆ ಬರುವುದಿಲ್ಲ. ಇದಕ್ಕೆ ಹಣ ಎಲ್ಲಿಂದ ಎಂದು ಮಂತ್ರಿಗಳು ಕೇಳಿದರೆ, ಕೈಗಾರಿಕೆಗಳ ಮೇಲೆ ಶಿಕ್ಷಣದ ತೆರಿಗೆ ಹಾಕಿರಿ ಎಂದು ಅದೇ ಮುದಲಿಯಾರ್ ಆಯೋಗ ಹೇಳಿದ್ದನ್ನು ಅವರಿಗೆ ನೆನಪು ಮಾಡಿಕೊಡುತ್ತೇವೆ. ತರಬೇತಾದ ಕೈಗಳಿಂದ ಲಾಭ ಮಾಡುವವರು ತರಬೇತಿಗೂ ಒಂದಿಷ್ಟು ಕೊಡಲಿ. ಇದನ್ನು ಬರೆದವರು ಸಮಾಜವಾದಿಗಳಲ್ಲ.

ಸರ್ಕಾರ ಎಚ್ಚರಗೊಳ್ಳುವ ತನಕ ಕಾಯಬೇಕಾಗಿಲ್ಲ. ನಮ್ಮ ರಾಜ್ಯದ ಸರ್ಕಾರಿ ಶಾಲೆಗಳಿಗೆ 2001ರಿಂದ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಿವೆ. ತಂದೆತಾಯಿಗಳೇ ಅದರ ಸದಸ್ಯರು. ಮೇಲುಸ್ತುವಾರಿ ಎಂಬ ಮಾತು ಅದರ ಹೆಸರಿನಲ್ಲಿಯೇ ಇದೆ, ಆದರೆ ಎಷ್ಟೋ ಕಡೆ ಅದು ಸಹಿ ಹಾಕುವ ಸಮಿತಿಯಾಗಿ ಕೂತಿದೆ. ವೃತ್ತಿ ವಿಷಯವಿರುವ ಶಾಲೆಯಲ್ಲಿ ನಿಮ್ಮ ಮಗನೋ ಮಗಳೋ ಓದುತ್ತಿದ್ದರೆ ಮುಂದಿನ ಸಭೆಗೆ ತಪ್ಪದೆ ಹೋಗಿರಿ. ಬಿಡುವಿನ ಒಂದು ಶನಿವಾರ ಮುಖ್ಯೋಪಾಧ್ಯಾಯರನ್ನು ಕೇಳಿ, ಅವರ ಅನುಮತಿ ಪಡೆದು, ಮಕ್ಕಳು ಮಾಡಿದ ಕೆಲಸವನ್ನು ನೋಡಿರಿ. ಜಗಳಕ್ಕೆ ಹೋಗಬೇಡಿರಿ, ನೋಡಲು ಹೋಗಿರಿ. ಫಿಟ್ಟರುಗಳು ಜೇಬಿನಲ್ಲಿ ಒಂದು ಮೂಲೆಮಟ್ಟ ಇಟ್ಟುಕೊಂಡು ಹೋಗಲಿ. ಅಂಗಡಿಯವರು ರಜೆಯ ದಿನಗಳಲ್ಲಿ ಇಬ್ಬರು ಮೂವರು ಮಕ್ಕಳನ್ನು ತಮ್ಮ ಗಲ್ಲೆಯ ಹತ್ತಿರ ನಿಲ್ಲಿಸಿಕೊಳ್ಳಲು ಒಪ್ಪಿದರೆ, ನಮ್ಮ ಪಕ್ಷದ ಕಾರ್ಯಕರ್ತರು ಶಾಲೆಯವರ ಜೊತೆ ಮಾತಾಡಿ ಏರ್ಪಾಡು ಮಾಡುತ್ತಾರೆ. ಆದರೆ ಪುಕ್ಕಟೆ ಆಳು ಸಿಕ್ಕಿತೆಂದು ಮೂಟೆ ಹೊರಿಸುವವರ ಹೆಸರು ನಮ್ಮ ಪಟ್ಟಿಯಲ್ಲಿ ಎರಡನೆಯ ಸಲ ಇರುವುದಿಲ್ಲ.

ಕಂಡದ್ದನ್ನು ನಮಗೆ ಬರೆದು ಕಳಿಸಿರಿ. ಯಂತ್ರಗಳೆಷ್ಟು, ಓಡುವವೆಷ್ಟು, ಮಗುವಿಗೆ ವಾರಕ್ಕೆ ಎಷ್ಟು ಹೊತ್ತು ಯಂತ್ರ ಸಿಗುತ್ತದೆ, ಈ ವರ್ಷ ಕೆಲಸ ಬಲ್ಲವರು ಯಾರಾದರೂ ಬಂದು ನೋಡಿದರೇ ಎಂಬಷ್ಟಿದ್ದರೆ ಸಾಕು. ಬಂದದ್ದನ್ನೆಲ್ಲ ಕ್ರೋಡೀಕರಿಸಿ ಜಿಲ್ಲೆಯ ಉಪನಿರ್ದೇಶಕರ ಮುಂದೆ ಇಡುತ್ತೇವೆ, ಅವರ ಉತ್ತರವನ್ನು ಇದೇ ಪುಟದಲ್ಲಿ ಅಚ್ಚು ಹಾಕುತ್ತೇವೆ. ಕಲಿಸುವವರ ಹೆಸರನ್ನು ಮಾತ್ರ ಬರೆಯಬೇಡಿರಿ. ಅವರ ಗುತ್ತಿಗೆ ಇನ್ನೂ ನವೀಕರಣವಾಗಬೇಕಿದೆ.